ವಿದೇಶಯಾನಕ್ಕೆ ಮೂಕಜೀವಿಯ ಸಿದ್ಧತೆ

ಮಕ್ಕಳು ಸಮುದ್ರದಾಚೆಗೆ ಹೋಗಿ ನೆಲೆಸುವುದು ನಮ್ಮ ಸಮಾಜದ ಮನೆಗಳಿಗೆ ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. ಬಾಪೂಜಿ ನಗರ, ವಿಜಯನಗರ, ಬಸವೇಶ್ವರನಗರಗಳ ಯಾವ ಬೀದಿಯಲ್ಲಿ ವಿಚಾರಿಸಿದರೂ ಅಮೆರಿಕೆಯಲ್ಲೋ ಇಂಗ್ಲೆಂಡಿನಲ್ಲೋ ಮಗನನ್ನೋ ಮಗಳನ್ನೋ ಇರಿಸಿಕೊಂಡ ತಂದೆತಾಯಿಗಳು ಸಿಕ್ಕೇ ಸಿಗುತ್ತಾರೆ. 2015ರ ನವೆಂಬರ್ ತಿಂಗಳಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಅಣ್ಣ ಬಸವಣ್ಣನವರ ಪ್ರತಿಮೆ ಅನಾವರಣಗೊಂಡ ಮೇಲಂತೂ ಆ ದೂರದ ಊರು ನಮ್ಮ ಹಿರಿಯರಿಗೆ ಅಷ್ಟು ಪರಕೀಯವಾಗಿ ಕಾಣುತ್ತಿಲ್ಲ. ಕೊರಳಿನ ಕರಡಿಗೆಯನ್ನು ವಿಮಾನ ನಿಲ್ದಾಣದ ತಪಾಸಣೆಯವರಿಗೆ ಹೇಗೆ ವಿವರಿಸಬೇಕೆಂಬುದರಿಂದ ಹಿಡಿದು ಚಟ್ನಿಪುಡಿಯನ್ನು ಹೇಗೆ ಕಟ್ಟಬೇಕೆಂಬುದರವರೆಗೆ ಎಲ್ಲವೂ ಅವರಿಗೆ ಬಾಯಿಪಾಠವಾಗಿದೆ. ಆದರೆ ಈಚಿನ ವರ್ಷಗಳಲ್ಲಿ ಒಂದು ಹೊಸ ಪ್ರಶ್ನೆ ಈ ಮನೆಗಳಲ್ಲಿ ತಲೆಯೆತ್ತಿದೆ. ಮನೆಯಲ್ಲಿ ಸಾಕಿದ ನಾಯಿಯನ್ನೋ ಬೆಕ್ಕನ್ನೋ ಏನು ಮಾಡುವುದು?

ಪ್ರಶ್ನೆ ಸರಿಯಾದುದೇ. ಅದು ಏಳುವ ಹೊತ್ತು ಮಾತ್ರ ಸರಿಯಲ್ಲ. ನಾವು ಕಂಡಂತೆ, ಬಹುಪಾಲು ಮನೆಗಳಲ್ಲಿ ವೀಸಾ ಕೈಗೆ ಬಂದು, ಟಿಕೆಟು ಕೊಂಡು, ಮಂಚ ಬೀರುಗಳನ್ನು ಯಾರಿಗೆ ಕೊಡುವುದೆಂದು ತೀರ್ಮಾನಿಸಿ, ಗ್ಯಾಸಿನ ಸಂಪರ್ಕವನ್ನೂ ಹಿಂದಿರುಗಿಸಿದ ಮೇಲೆ ಮೆಟ್ಟಿಲ ಬಳಿ ಮಲಗಿದ ನಾಯಿಯ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಕಾಲ ಮಿಂಚಿರುತ್ತದೆ. ನಾಯಿಯ ಪ್ರಯಾಣಕ್ಕೆ ಬೇಕಾದುದು ಹಣ ಒಂದೇ ಅಲ್ಲ, ದಿನಗಳು. ಆ ದಿನಗಳನ್ನು ಯಾವ ಶಿಫಾರಸಿನಿಂದಲೂ ಕಡಿಮೆ ಮಾಡಿಸಲು ಬರುವುದಿಲ್ಲ. ಆದುದರಿಂದ ಮೂಕಜೀವಿಯ ಸಿದ್ಧತೆ ಮನುಷ್ಯರ ವೀಸಾ ಅರ್ಜಿಗಿಂತಲೂ ಮೊದಲು ಆರಂಭವಾಗಬೇಕು. ಈ ಒಂದು ಮಾತನ್ನು ಓದುಗ ಬಂಧುಗಳ ಮುಂದೆ ವಿವರವಾಗಿ ಇಡಬೇಕೆಂಬುದೇ ನಮ್ಮ ಉದ್ದೇಶ.

ನಾಯಿಯ ವಿಷಯಕ್ಕೆ ಸಮಾಜದ ಪತ್ರಿಕೆಯಲ್ಲಿ ಇಷ್ಟು ಪುಟಗಳೇ ಎಂದು ಕೆಲವರು ಹುಬ್ಬೇರಿಸಬಹುದು. ಅಂಥವರು ಹಾವಿನಹಾಳದ ಕಲ್ಲಯ್ಯನವರ ಕಥೆಯನ್ನು ಸ್ಮರಿಸಿಕೊಳ್ಳಲಿ. ನಾಯಿಯ ಬಾಯಿಂದ ವೇದವನ್ನು ಓದಿಸಿದ ಶರಣರೆಂದು ಪರಂಪರೆ ಅವರನ್ನು ಕೊಂಡಾಡುತ್ತದೆ. ಲೋಕ ಹೀನವೆಂದು ದೂರವಿಟ್ಟ ಪ್ರಾಣಿಯನ್ನು ಪಂಡಿತರ ಎದುರಿಗೆ ತಂದು ನಿಲ್ಲಿಸಿದ ಕಥೆ ಅದು. ಸಕಲ ಪ್ರಾಣಿಗಳಲ್ಲಿ ದಯೆಯಿರಬೇಕೆಂದು ಸಾರಿದ ಧರ್ಮದವರು ನಾವು. ಹೊಸಿಲ ಬಳಿ ಕುಳಿತು ನಮ್ಮ ಪ್ರಸಾದದ ಪಾಲನ್ನು ಹತ್ತು ವರ್ಷ ಉಂಡ ಜೀವವನ್ನು ಮೈಸೂರು ರಸ್ತೆಯ ಬದಿಯಲ್ಲಿ ಬಿಟ್ಟು ವಿಮಾನ ಹತ್ತುವುದು ನಮಗೆ ಹೇಗೆ ಸಲ್ಲುತ್ತದೆ? ಹೀಗೆ ಬಿಟ್ಟು ಹೋಗುವುದು ಮನಸ್ಸಾಕ್ಷಿಯ ಮಾತು ಮಾತ್ರವಲ್ಲ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಇಷ್ಟೊಂದು ಕಟ್ಟುಪಾಡು ಏಕೆ?

ಎಲ್ಲ ಕಟ್ಟುಪಾಡುಗಳ ಬೇರು ಒಂದೇ ರೋಗದಲ್ಲಿದೆ. ಅದು ನಾವು ಹುಚ್ಚುನಾಯಿ ರೋಗವೆಂದು ಕರೆಯುವ ರೇಬೀಸ್. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡಿತೆಂದರೆ ಮನುಷ್ಯನಾಗಲಿ ನಾಯಿಯಾಗಲಿ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಈ ರೋಗದಿಂದ ಸಾಯುವವರ ಪೈಕಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ ನಮ್ಮ ದೇಶದವರು. ಈ ಕಾರಣದಿಂದ ಭಾರತದಿಂದ ಬರುವ ಪ್ರತಿ ನಾಯಿಯನ್ನೂ ಹೊರದೇಶದವರು ಸಂಶಯದಿಂದಲೇ ನೋಡುತ್ತಾರೆ. ಅದು ನಮ್ಮ ಮನೆಯ ನಾಯಿಗೆ ಮಾಡುವ ಅವಮಾನವೆಂದು ಸಿಟ್ಟಾಗುವುದರಲ್ಲಿ ಅರ್ಥವಿಲ್ಲ.

ಬ್ರಿಟನ್ನಿನ ಕಥೆಯನ್ನೇ ನೋಡಬಹುದು. ಆ ದ್ವೀಪದವರು ಬೀದಿ ನಾಯಿಗಳ ಬಾಯಿಗೆ ಕುಕ್ಕೆ ಕಟ್ಟಿಸಿ, ಹೊರಗಿನಿಂದ ಬರುವ ನಾಯಿಗಳನ್ನು ತಡೆದು, 1902ರ ಸುಮಾರಿಗೆ ರೇಬೀಸನ್ನು ತಮ್ಮ ನೆಲದಿಂದ ಅಳಿಸಿದರು. ಮೊದಲ ಮಹಾಯುದ್ಧದಿಂದ ಮರಳಿದವರೊಡನೆ ಬಂದ ನಾಯಿಗಳಿಂದ 1918ರಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಪುನಃ ಅಳಿಸಲು 1922ರವರೆಗೆ ಹಿಡಿಯಿತು. ಆ ಪೆಟ್ಟನ್ನು ಅವರು ಮರೆಯಲಿಲ್ಲ. ಹೊರಗಿನಿಂದ ಬಂದ ನಾಯಿ ಆರು ತಿಂಗಳು ಸರ್ಕಾರ ಮಾನ್ಯ ಮಾಡಿದ ಕ್ವಾರಂಟೈನ್ ಗೂಡಿನಲ್ಲಿ ಪ್ರತ್ಯೇಕವಾಗಿ ಇರಲೇಬೇಕೆಂಬ ನಿಯಮ ದಶಕಗಳ ಕಾಲ ಜಾರಿಯಲ್ಲಿತ್ತು. 2000ದಲ್ಲಿ ಕೆಲವು ದೇಶಗಳಿಗೆ ಅದು ಸಡಿಲವಾಯಿತು. ಭಾರತದ ನಾಯಿಗಳಿಗೆ ಮಾತ್ರ 2011ರ ಕೊನೆಯವರೆಗೂ ಆರು ತಿಂಗಳ ಸೆರೆ ತಪ್ಪಲಿಲ್ಲ. 2012ರ ಜನವರಿಯಿಂದ ಕ್ವಾರಂಟೈನ್ ಇಲ್ಲದೆ ಪ್ರವೇಶ ಸಾಧ್ಯವಾಗಿದೆ. ಆದರೆ ಆ ಕಾಯುವಿಕೆಯನ್ನು ನಾಯಿ ಈಗ ಅಲ್ಲಿಯ ಗೂಡಿನಲ್ಲಿ ಮಾಡುವ ಬದಲು ಇಲ್ಲಿಯೇ ನಮ್ಮ ಮನೆಯಲ್ಲಿ ಮಾಡಬೇಕು.

ನಮ್ಮ ನಾಡಿನ ನಾಯಿಗೆ ಇಂಗ್ಲೆಂಡಿನ ಪ್ರಯಾಣ ಹೊಸದೇನೂ ಅಲ್ಲ. ಮುಧೋಳ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ದೊರೆ ಐದನೆಯ ಜಾರ್ಜರಿಗೆ ತಮ್ಮ ಊರಿನ ಬೇಟೆನಾಯಿಗಳ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂಬುದು ಬಾಗಲಕೋಟೆ ಕಡೆಯವರೆಲ್ಲ ಹೆಮ್ಮೆಯಿಂದ ಹೇಳುವ ಸಂಗತಿ. ಆ ತಳಿಗೆ 2005ರಲ್ಲಿ ಅಂಚೆ ಇಲಾಖೆ ಚೀಟಿಯನ್ನೂ ಹೊರಡಿಸಿತು. ಆ ಕಾಲದ ಅರಸು ನಾಯಿಗಳು ಹಡಗಿನಲ್ಲಿ ವಾರಗಟ್ಟಲೆ ಹೋಗಬೇಕಾಗಿತ್ತು. ನಮ್ಮ ನಾಯಿಗಳಿಗೆ ಹತ್ತು ಹನ್ನೆರಡು ಗಂಟೆ ಸಾಕು. ಸಿದ್ಧತೆಗೆ ಮಾತ್ರ ಆರು ತಿಂಗಳು.

ಚಿಪ್ಪು, ಚುಚ್ಚುಮದ್ದು, ನೆತ್ತರು

ಸಿದ್ಧತೆಯ ಮೊದಲ ಹೆಜ್ಜೆ ಮೈಕ್ರೋಚಿಪ್. ಅಕ್ಕಿಯ ಕಾಳಿನಷ್ಟು ಗಾತ್ರದ ಈ ವಸ್ತುವನ್ನು ಪಶುವೈದ್ಯರು ದಪ್ಪ ಸೂಜಿಯಿಂದ ನಾಯಿಯ ಹೆಗಲ ಮೂಳೆಗಳ ನಡುವೆ ಚರ್ಮದ ಕೆಳಗೆ ಇಡುತ್ತಾರೆ. ಅದರೊಳಗೆ ಬ್ಯಾಟರಿಯಿಲ್ಲ. ನಾಯಿ ಎಲ್ಲಿದೆ ಎಂದು ಅದು ತಿಳಿಸುತ್ತದೆಂಬ ನಂಬಿಕೆ ಹಲವರಲ್ಲಿದೆ, ಅದು ನಿಜವಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ ಹದಿನೈದು ಅಂಕಿಗಳ ಒಂದು ಸಂಖ್ಯೆಯನ್ನು ತೋರಿಸುವುದಷ್ಟೇ ಅದರ ಕೆಲಸ. ಈ ಸಂಖ್ಯೆಯೇ ನಾಯಿಯ ನಿಜವಾದ ಹೆಸರು. ಮುಂದೆ ಬರುವ ಪ್ರತಿಯೊಂದು ಕಾಗದದಲ್ಲೂ ಈ ಹದಿನೈದು ಅಂಕಿಗಳು ಒಂದೂ ತಪ್ಪದೆ ಇರಬೇಕು. ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದುವ ಚಿಪ್ಪನ್ನೇ ಹಾಕಿರೆಂದು ವೈದ್ಯರಿಗೆ ಮೊದಲೇ ತಿಳಿಸುವುದು ಉಚಿತ.

ಚಿಪ್ಪು ಹಾಕಿದ ಮೇಲೆ, ಅಥವಾ ಅದೇ ದಿನ ಅದರ ಹಿಂದೆಯೇ, ರೇಬೀಸ್ ಚುಚ್ಚುಮದ್ದು. ನಾಯಿಗೆ ಹನ್ನೆರಡು ವಾರ ತುಂಬಿರಬೇಕು. ಚುಚ್ಚುಮದ್ದಿನಿಂದ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು ಐರೋಪ್ಯ ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ರೋಗನಿರೋಧಕ ಅಂಶ ಒಂದು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಮಾನದಷ್ಟಾದರೂ ಇದೆಯೆಂದು ಅವರು ದೃಢಪಡಿಸಬೇಕು. ಇದನ್ನೇ ಟೈಟರ್ ಪರೀಕ್ಷೆ ಎನ್ನುತ್ತಾರೆ. ಫಲಿತಾಂಶ ಬಂದ ಕೂಡಲೇ ಹೊರಡಲು ಬರುವುದಿಲ್ಲ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಮೂವತ್ತು ದಿನ ಮತ್ತು ಮೂರು ತಿಂಗಳು ಸೇರಿ ನಾಲ್ಕು ತಿಂಗಳಾದವು. ವೈದ್ಯರ ಬಿಡುವು, ಪ್ರಯೋಗಾಲಯದ ವಿಳಂಬ, ವಿಮಾನದಲ್ಲಿ ಸ್ಥಳ ಸಿಗುವುದು ಇವನ್ನೆಲ್ಲ ಕೂಡಿದರೆ ಆರು ತಿಂಗಳೆಂದು ಲೆಕ್ಕ ಹಾಕುವುದೇ ಜಾಣತನ. ಬ್ರಿಟನ್ನಿಗೂ ಐರೋಪ್ಯ ಒಕ್ಕೂಟದ ದೇಶಗಳಿಗೂ ಇದೇ ಕ್ರಮ. ಬೆಕ್ಕಿಗೂ ಇದರಿಂದ ವಿನಾಯಿತಿಯಿಲ್ಲ.

ಈ ಕ್ರಮ ಹಿಂದುಮುಂದಾದರೆ ಏನಾಗುತ್ತದೆಂಬುದನ್ನು ನಮಗೆ ಪರಿಚಿತವಾದ ಬಾಪೂಜಿ ನಗರದ ಒಂದು ಮನೆಯಲ್ಲಿ ಹತ್ತಿರದಿಂದ ನೋಡಿದೆವು. ಕೆಳಮನೆಯಲ್ಲಿ ನಿವೃತ್ತ ಉಪಾಧ್ಯಾಯ ದಂಪತಿಗಳು, ಮೇಲಿನ ಮಹಡಿಯಲ್ಲಿ ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು. ಬೀದಿಯಲ್ಲಿ ಮಳೆಗೆ ಸಿಕ್ಕಿದ್ದ ಮರಿಯೊಂದನ್ನು ಮೊಮ್ಮಗಳು ಎತ್ತಿ ತಂದು ಚಿನ್ನಿ ಎಂದು ಹೆಸರಿಟ್ಟಿದ್ದಳು. ಮಗನಿಗೆ ಲಂಡನ್ನಿನಲ್ಲಿ ಕೆಲಸವಾಯಿತು. ಚಿನ್ನಿಗೆ ಪ್ರತಿವರ್ಷದಂತೆ ಜನವರಿಯಲ್ಲಿ ಚುಚ್ಚುಮದ್ದಾಗಿತ್ತು. ಮಾರ್ಚಿಯಲ್ಲಿ ಒಂದು ಚಿಕಿತ್ಸಾಲಯದಲ್ಲಿ ಚಿಪ್ಪು ಹಾಕಿಸಿದರು, ಏಪ್ರಿಲಿನಲ್ಲಿ ರಕ್ತ ಕಳುಹಿಸಿದರು. ಪರೀಕ್ಷೆಯ ಫಲ ಉತ್ತಮವಾಗಿಯೇ ಬಂತು. ಆದರೆ ಚುಚ್ಚುಮದ್ದು ಬಿದ್ದ ದಿನ ನಾಯಿಯ ಮೈಯಲ್ಲಿ ಚಿಪ್ಪು ಇರಲಿಲ್ಲವಲ್ಲ. ಆ ಚುಚ್ಚುಮದ್ದು ಇದೇ ನಾಯಿಗೆ ಬಿದ್ದದ್ದೆಂಬುದಕ್ಕೆ ಸಾಕ್ಷಿ ಎಲ್ಲಿ? ಅದು ಲೆಕ್ಕಕ್ಕೆ ಬರಲಿಲ್ಲ. ಅದನ್ನು ನಂಬಿದ ರಕ್ತಪರೀಕ್ಷೆಯೂ ಬರಲಿಲ್ಲ. ಮೇ ತಿಂಗಳ ಕೊನೆಗೆ ಮತ್ತೆ ಚುಚ್ಚುಮದ್ದು, ಜೂನ್ ಕೊನೆಗೆ ಮತ್ತೆ ರಕ್ತ, ಅಲ್ಲಿಂದ ಮೂರು ತಿಂಗಳು. ಮಗನ ಸಂಸಾರ ಜೂನಿನಲ್ಲೇ ಹೊರಟಿತು. ಚಿನ್ನಿ ಅಜ್ಜ ಅಜ್ಜಿಯರ ಬಳಿ ಉಳಿಯಿತು.

ಉಳಿದ ಆ ನಾಲ್ಕು ತಿಂಗಳಲ್ಲಿ ನಡೆದದ್ದು ಯಾರೂ ಎಣಿಸದ ಸಂಗತಿ. ಮಂಡಿನೋವಿನಿಂದ ಗೇಟು ದಾಟದಿದ್ದ ಅಜ್ಜಿ ನಾಯಿಯನ್ನು ಹಿಡಿದು ಬೀದಿಯ ಕೊನೆಯವರೆಗೆ ನಡೆಯತೊಡಗಿದರು. ಮುಂಜಾನೆ ಯಜಮಾನರ ಲಿಂಗಪೂಜೆ ಮುಗಿಯುವವರೆಗೆ ನಾಯಿ ಹೊಸಿಲಾಚೆ ಕಾಯುವುದು ರೂಢಿಯಾಯಿತು. ಅಕ್ಟೋಬರಿನಲ್ಲಿ ಕಳುಹಿಸುವ ದಿನ ಹತ್ತಿರ ಬಂದಾಗ ಮಗ ಫೋನಿನಲ್ಲಿ, “ಅಮ್ಮ, ನಿಮಗೆ ಬೇಜಾರಾಗೋದಾದ್ರೆ ಅಲ್ಲೇ ಇರಲಿ ಬಿಡಿ” ಎಂದನಂತೆ. ಆ ತಾಯಿ, “ಬೇಡಪ್ಪ, ಮಗು ದಿನಾ ಕೇಳ್ತಾಳೆ, ಕಳಿಸ್ತೀವಿ. ನಂಗೇನು, ಇಷ್ಟು ದಿನ ಇತ್ತಲ್ಲ” ಎಂದರಂತೆ. ಕಾಗದಪತ್ರದ ತಪ್ಪಿನಿಂದ ನಾಲ್ಕು ತಿಂಗಳು ಹೆಚ್ಚಾಯಿತೆಂದು ಮಗ ಹಲುಬಿದ. ಮನೆಯಲ್ಲಿ ನಾಯಿ ಯಾರನ್ನು ಹಚ್ಚಿಕೊಂಡಿದೆ, ಯಾರು ನಾಯಿಯನ್ನು ಹಚ್ಚಿಕೊಂಡಿದ್ದಾರೆ ಎಂಬ ವಿಚಾರಣೆ ಮೊದಲೇ ನಡೆದಿದ್ದರೆ ಒಳ್ಳೆಯದಿತ್ತೆಂದು ನಮಗೆ ತೋರಿತು.

ಒಂದು ಲಾಭದ ಮಾತನ್ನೂ ಇಲ್ಲಿ ಹೇಳಬೇಕು. ಬ್ರಿಟನ್ ಮತ್ತು ಐರೋಪ್ಯ ದೇಶಗಳ ಮಟ್ಟಿಗೆ, ಒಮ್ಮೆ ಟೈಟರ್ ಪರೀಕ್ಷೆಯಲ್ಲಿ ಉತ್ತೀರ್ಣವಾದ ನಾಯಿಗೆ ಅವಧಿ ಮೀರುವ ಮೊದಲೇ ತಪ್ಪದೆ ಚುಚ್ಚುಮದ್ದು ಹಾಕಿಸುತ್ತಿದ್ದರೆ ಆ ಪರೀಕ್ಷೆ ಜೀವಮಾನವಿಡೀ ಮಾನ್ಯ. ಮಕ್ಕಳು ಹೊರದೇಶದ ಕೆಲಸಕ್ಕೆ ಪ್ರಯತ್ನಿಸುತ್ತಿದ್ದಾರೆಂದು ತಿಳಿದ ದಿನವೇ ಚಿಪ್ಪು, ಚುಚ್ಚುಮದ್ದು, ರಕ್ತಪರೀಕ್ಷೆ ಮುಗಿಸಿಟ್ಟರೆ ಮುಂದೆ ನೆಮ್ಮದಿ. ಕೆಲಸ ಸಿಗದೆ ಹೋದರೆ ನಷ್ಟವೇನು? ನಾಯಿಗೆ ರೇಬೀಸ್ ರಕ್ಷಣೆ ದೊರೆತಿರುತ್ತದೆ, ಕಳೆದುಹೋದರೆ ಗುರುತಿಗೆ ಒಂದು ಸಂಖ್ಯೆಯಿರುತ್ತದೆ.

ದೇಶಕ್ಕೊಂದು ಕಟ್ಟಳೆ

ಅಮೆರಿಕೆಗೆ ಹೋಗುವವರು ಹೆಚ್ಚಾಗಿರುವುದರಿಂದ ಅಲ್ಲಿಯ ನಿಯಮವನ್ನು ತುಸು ವಿವರಿಸಬೇಕು. ಹಿಂದೆ ಒಂದು ಚುಚ್ಚುಮದ್ದಿನ ಚೀಟಿ ತೋರಿಸಿ ನಾಯಿಯನ್ನು ಕರೆದೊಯ್ದವರು ನಮ್ಮಲ್ಲಿದ್ದಾರೆ. ಅವರ ಅನುಭವವನ್ನು ಈಗ ನಂಬಬಾರದು. ಸುಳ್ಳು ಪ್ರಮಾಣಪತ್ರಗಳ ಹಾವಳಿ ಹೆಚ್ಚಿದ್ದರಿಂದ ಅಲ್ಲಿಯ ರೋಗ ನಿಯಂತ್ರಣ ಕೇಂದ್ರ 2021ರ ಜುಲೈ ತಿಂಗಳಲ್ಲಿ ಭಾರತವೂ ಸೇರಿದಂತೆ ರೇಬೀಸ್ ಭಯ ಹೆಚ್ಚಾಗಿರುವ ದೇಶಗಳಿಂದ ನಾಯಿಗಳ ಪ್ರವೇಶವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತ್ತು. 2024ರ ಆಗಸ್ಟ್ 1ರಿಂದ ಹೊಸ ನಿಯಮ ಬಂದಿದೆ. ನಾಯಿಗೆ ಆರು ತಿಂಗಳು ತುಂಬಿರಬೇಕು, ಚಿಪ್ಪು ಇರಬೇಕು, ಆ ಕೇಂದ್ರದ ನಮೂನೆಯಲ್ಲೇ ಚುಚ್ಚುಮದ್ದಿನ ವಿವರ ತುಂಬಿ ಸರ್ಕಾರಿ ಪಶುವೈದ್ಯರಿಂದ ದೃಢೀಕರಿಸಬೇಕು. ಇಲ್ಲಿ ಚುಚ್ಚುಮದ್ದು ಹಾಕಿಸಿದ ನಾಯಿ ಕೆಲವೇ ವಿಮಾನ ನಿಲ್ದಾಣಗಳಲ್ಲಿ, ಅಲ್ಲಿ ನೋಂದಾಯಿತವಾದ ಪ್ರಾಣಿ ಆರೈಕೆ ಕೇಂದ್ರದಲ್ಲಿ ಮೊದಲೇ ಸ್ಥಳ ಕಾದಿರಿಸಿ, ಇಳಿಯಬೇಕು. ಅದು ಮಗನ ಮನೆಗೆ ಹತ್ತಿರವಾದ ನಿಲ್ದಾಣವೇ ಆಗಿರಬೇಕೆಂದಿಲ್ಲ. ಟೈಟರ್ ಪರೀಕ್ಷೆಯ ಫಲವಿಲ್ಲದೆ ಹೋದ ನಾಯಿಗೆ ಅದೇ ಕೇಂದ್ರದಲ್ಲಿ 28 ದಿನಗಳ ಕ್ವಾರಂಟೈನ್, ಮಾಲೀಕರ ಖರ್ಚಿನಲ್ಲಿ. ಇವೆಲ್ಲ ನಾಯಿಗೆ ಸಂಬಂಧಿಸಿದ ಮಾತು; ಬೆಕ್ಕಿಗೆ ಈ ಕೇಂದ್ರದ ನಿಯಮಗಳು ಇಷ್ಟು ಬಿಗಿಯಾಗಿಲ್ಲ.

ಕೆನಡಾ ಇದಕ್ಕಿಂತ ಹಗುರ. ಮಾಲೀಕರೊಡನೆ ಹೋಗುವ ಸ್ವಂತ ಸಾಕುನಾಯಿಗೆ ರೇಬೀಸ್ ಚುಚ್ಚುಮದ್ದಿನ ಸರಿಯಾದ ಪ್ರಮಾಣಪತ್ರವೇ ಮುಖ್ಯ. ಆದರೆ ಮಾರಾಟಕ್ಕಾಗಲಿ ದತ್ತು ಕೊಡುವುದಕ್ಕಾಗಲಿ ಭಾರತದಿಂದ ನಾಯಿ ತರುವುದನ್ನು ಆ ದೇಶ 2022ರ ಸೆಪ್ಟೆಂಬರ್ 28ರಿಂದ ನಿಷೇಧಿಸಿದೆ. ನೀವು ಇಲ್ಲಿ ಬಿಟ್ಟುಬಂದ ನಾಯಿಯನ್ನು ಆಮೇಲೆ ಯಾರ ಹೆಸರಿನಲ್ಲೋ ತರಿಸಿಕೊಳ್ಳುತ್ತೇವೆಂಬ ಯೋಚನೆ ಅಲ್ಲಿ ನಡೆಯುವುದು ಕಷ್ಟ. ಆಸ್ಟ್ರೇಲಿಯಾ ಎಲ್ಲಕ್ಕಿಂತ ಕಠಿಣ. ಭಾರತದಿಂದ ನೇರವಾಗಿ ನಾಯಿ ಬೆಕ್ಕುಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಅವರು ಒಪ್ಪುವ ಮೂರನೆಯ ದೇಶವೊಂದಕ್ಕೆ ಕರೆದೊಯ್ದು, ಅಲ್ಲಿಯ ವಿಧಿಗಳನ್ನು ತಿಂಗಳುಗಟ್ಟಲೆ ಪೂರೈಸಿ, ಅನಂತರ ಮೆಲ್ಬೋರ್ನ್ ಬಳಿಯ ಮಿಕಲ್‌ಹ್ಯಾಮ್ ಕ್ವಾರಂಟೈನ್ ಕೇಂದ್ರದಲ್ಲಿ ಇರಿಸಬೇಕು. ಸಾಧಾರಣ ಕುಟುಂಬಕ್ಕೆ ಇದು ನಿಲುಕುವ ಮಾತಲ್ಲವೆಂದೇ ನಮ್ಮ ಅಭಿಪ್ರಾಯ.

ತಳಿಯ ವಿಷಯದಲ್ಲೂ ಎಚ್ಚರ ಬೇಕು. ಬ್ರಿಟನ್ 1991ರ ಕಾಯ್ದೆಯಿಂದ ಪಿಟ್ ಬುಲ್ ಟೆರಿಯರ್ ಮೊದಲಾದ ಕೆಲವು ತಳಿಗಳನ್ನು ನಿಷೇಧಿಸಿದೆ. ಈಚೆಗೆ ಎಕ್ಸ್‌ಎಲ್ ಬುಲ್ಲಿಯೂ ಆ ಪಟ್ಟಿಗೆ ಸೇರಿತು. ಕೊಲ್ಲಿ ದೇಶಗಳ ಪಟ್ಟಿ ಬೇರೆ. ಇನ್ನು 2003ರಲ್ಲಿ ದೂರವಾಣಿ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ ನಾಯಿಯನ್ನು ನೋಡಿ ಮನಸೋತು ನಮ್ಮ ಬಡಾವಣೆಗಳಲ್ಲಿ ಎಷ್ಟೋ ಜನ ಆ ತಳಿಯನ್ನು ತಂದರು. ಚಪ್ಪಟೆ ಮೂತಿಯ ಆ ಬಡಪ್ರಾಣಿಗೆ ನೆಲದ ಮೇಲೆಯೇ ಉಸಿರಾಟ ಕಷ್ಟ. ಅಂಥ ತಳಿಗಳನ್ನು ಹಲವು ವಿಮಾನ ಸಂಸ್ಥೆಗಳು ಒಯ್ಯಲು ಒಪ್ಪುವುದಿಲ್ಲ; ಒಪ್ಪಿದರೂ ಬೇಸಿಗೆಯಲ್ಲಿ ಒಯ್ಯಬಾರದು.

ಗಿಳಿ, ನಕ್ಷತ್ರ ಆಮೆಗಳ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಹೊರದೇಶಕ್ಕೆ ಒಯ್ಯುವ ಮಾತೇ ಇಲ್ಲ. ಅರಿಯದೆ ಇಟ್ಟುಕೊಂಡವರು ಅರಣ್ಯ ಇಲಾಖೆಯನ್ನೋ ಕೆಂಗೇರಿ ಬಳಿಯ ಪೀಪಲ್ ಫಾರ್ ಆನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯನ್ನೋ ಸಂಪರ್ಕಿಸುವುದು ಲೇಸು. ಪಂಜರದಲ್ಲಿ ಬೆಳೆದ ಹಕ್ಕಿಯನ್ನು ಸುಮ್ಮನೆ ಹಾರಿಬಿಟ್ಟರೆ ಅದು ಕಾಗೆ ಹದ್ದುಗಳ ಪಾಲಾಗುತ್ತದೆ.

ಕೊನೆಯ ಹತ್ತು ದಿನ

ಹೊರಡುವ ಮುಂಚಿನ ಹತ್ತು ದಿನಗಳು ಓಡಾಟದ ದಿನಗಳು. ಬ್ರಿಟನ್ನಿಗೂ ಐರೋಪ್ಯ ದೇಶಗಳಿಗೂ ಬೇಕಾದ ಆರೋಗ್ಯ ಪ್ರಮಾಣಪತ್ರ ಹತ್ತು ದಿನಗಳೊಳಗೆ ಪಡೆದದ್ದಾಗಿರಬೇಕು. ಅದಕ್ಕೆ ಸರ್ಕಾರದ ಮುದ್ರೆ ಬೇಕು. ಕೇಂದ್ರದ ಪಶುಸಂಗೋಪನಾ ಇಲಾಖೆಗೆ ಸೇರಿದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಕಚೇರಿ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಹೈದರಾಬಾದುಗಳಲ್ಲಿರುವಂತೆ ಬೆಂಗಳೂರಿನಲ್ಲೂ ಇದೆ. ಅಲ್ಲಿಯ ಅಧಿಕಾರಿಗಳು ನಾಯಿಯನ್ನು ಕಣ್ಣಾರೆ ಪರೀಕ್ಷಿಸಿ, ಚಿಪ್ಪನ್ನು ಓದಿ, ಕಾಗದಗಳನ್ನು ತಾಳೆ ನೋಡಿ ಸಹಿ ಹಾಕುತ್ತಾರೆ. ಬ್ರಿಟನ್ನಿಗೆ ಹೋಗುವ ನಾಯಿಗೆ ಇನ್ನೊಂದು ವಿಧಿಯಿದೆ: ಅಲ್ಲಿ ಇಳಿಯುವುದಕ್ಕೆ 24 ಗಂಟೆಗಿಂತ ಕಡಿಮೆಯಿಲ್ಲದಂತೆ, 120 ಗಂಟೆಗಿಂತ ಹೆಚ್ಚಾಗದಂತೆ ಲಾಡಿಹುಳುವಿನ ಔಷಧವನ್ನು ವೈದ್ಯರೇ ಕೊಟ್ಟು ಗಂಟೆ ಸಹಿತ ನಮೂದಿಸಬೇಕು. ಮನೆಯಲ್ಲಿ ಮಾತ್ರೆ ಕೊಟ್ಟೆವೆಂದರೆ ನಡೆಯದು. ವಿಮಾನ ತಡವಾಗಿ 120 ಗಂಟೆ ಮೀರಿದರೆ ಮತ್ತೆ ತೊಂದರೆ. ಆದುದರಿಂದ ಮೂರನೆಯ ದಿನದ ಸುಮಾರಿಗೆ ಕೊಡಿಸುವುದು ಕ್ಷೇಮ.

ಇವನ್ನೆಲ್ಲ ಮಾಡಿಸಿಕೊಡುವ ಏಜೆಂಟರು ಈಗ ಊರಿನಲ್ಲಿ ಹಲವರಿದ್ದಾರೆ. ಅವರಿಂದ ಅನುಕೂಲವಿದೆ. ಆದರೆ ಮೂಲ ಕಾಗದಗಳನ್ನೆಲ್ಲ ನೀವೇ ಒಮ್ಮೆ ಕುಳಿತು ಓದಿರಿ: ಚಿಪ್ಪಿನ ಅಂಕಿ, ದಿನಾಂಕಗಳ ಕ್ರಮ, ಬಣ್ಣ, ವಯಸ್ಸು. ನಾಲ್ಕು ದಿನದಲ್ಲಿ ಎಲ್ಲ ಸರಿಮಾಡಿಸುತ್ತೇವೆ, ಹಿಂದಿನ ತಾರೀಖು ಹಾಕಿಸುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ಅದರ ದಂಡವನ್ನು ತೆರುವುದು ಅವರಲ್ಲ. ಪರದೇಶದ ನಿಲ್ದಾಣದಲ್ಲಿ ತಡೆಹಿಡಿಯಲ್ಪಟ್ಟ ನಾಯಿ.

ಪೆಟ್ಟಿಗೆಯ ಅಭ್ಯಾಸ, ಅನ್ನದ ಪ್ರಶ್ನೆ

ಕಾಗದಪತ್ರಗಳಿಗೆ ಪಡುವ ಶ್ರಮದ ಅರ್ಧವನ್ನಾದರೂ ನಾಯಿಯ ಮನಸ್ಸಿಗಾಗಿ ಪಡಬೇಕು. ಬ್ರಿಟನ್ನಿಗೆ ವಿಮಾನದಲ್ಲಿ ಹೋಗುವ ಸಾಕುಪ್ರಾಣಿ ಸಾಮಾನ್ಯವಾಗಿ ಸರಕಿನ ವಿಭಾಗದಲ್ಲೇ ಹೋಗಬೇಕು. ಮಡಿಲಲ್ಲಿ ಕೂರಿಸಿಕೊಳ್ಳಲು ಬರುವುದಿಲ್ಲ. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘದ ನಿಯಮದಂತೆ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕೆಂದರೆ ನಾಯಿ ತಲೆ ತಾಗದಂತೆ ನಿಲ್ಲಬೇಕು, ಸರಾಗವಾಗಿ ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಗಾಳಿಗೆ ಎಲ್ಲ ಕಡೆ ಕಿಂಡಿಗಳು, ಹೊರಗಿನಿಂದಲೇ ನೀರು ತುಂಬಲು ಬರುವ ಬಟ್ಟಲು ಇರಬೇಕು.

ಈ ಪೆಟ್ಟಿಗೆಯನ್ನು ಹೊರಡುವ ಹಿಂದಿನ ದಿನ ತಂದು ನಾಯಿಯನ್ನು ಅದರೊಳಗೆ ತಳ್ಳುವುದಕ್ಕಿಂತ ಕ್ರೂರ ಕೆಲಸ ಬೇರೆಯಿಲ್ಲ. ಎರಡು ತಿಂಗಳು ಮುಂಚೆಯೇ ತಂದು ಪಡಸಾಲೆಯ ಮೂಲೆಯಲ್ಲಿ ಬಾಗಿಲು ತೆಗೆದು ಇಡಿ. ಮನೆಯೊಡತಿಯ ಹಳೆಯ ಹತ್ತಿ ಸೀರೆಯೊಂದನ್ನು ಮಡಿಸಿ ಒಳಗೆ ಹಾಸಿ. ಊಟದ ತಟ್ಟೆಯನ್ನು ಮೊದಲು ಬಾಗಿಲ ಬಳಿ, ಆಮೇಲೆ ಒಳಗೆ ಇಡುತ್ತಾ ಹೋಗಿ. ತಾನಾಗಿಯೇ ಒಳಹೊಕ್ಕು ಮಲಗತೊಡಗಿದ ಮೇಲೆ ಬಾಗಿಲನ್ನು ಐದು ನಿಮಿಷ, ಹತ್ತು ನಿಮಿಷ, ಒಂದು ಗಂಟೆ, ಹೀಗೆ ಮುಚ್ಚುತ್ತಾ ಬನ್ನಿ. ಅನಂತರ ಪೆಟ್ಟಿಗೆ ಸಮೇತ ಕಾರಿನಲ್ಲಿಟ್ಟು ಒಂದು ಸುತ್ತು ಬನ್ನಿ. ಮೈಸೂರು ರಸ್ತೆಯ ಲಾರಿ ಬಸ್ಸುಗಳ ಸದ್ದನ್ನು ಸಹಿಸಲು ಕಲಿತ ನಾಯಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದ ಸದ್ದು ಅಷ್ಟು ಭಯ ಹುಟ್ಟಿಸುವುದಿಲ್ಲ. ಪ್ರಯಾಣದ ದಿನ ನಿದ್ರೆಯ ಔಷಧ ಕೊಡಬೇಕೆಂದು ಹಲವರು ಸಲಹೆ ಕೊಡುತ್ತಾರೆ. ಕೂಡದು. ಎತ್ತರದಲ್ಲಿ ಅದು ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಅಪಾಯ ತರಬಹುದು. ಮಂಪರಿನಲ್ಲಿರುವ ಪ್ರಾಣಿಯನ್ನು ವಿಮಾನ ಸಂಸ್ಥೆಗಳೂ ತೆಗೆದುಕೊಳ್ಳುವುದಿಲ್ಲ. ಹೊರಡುವ ನಾಲ್ಕಾರು ಗಂಟೆ ಮೊದಲು ಲಘುವಾದ ಊಟ, ಕೊನೆಯವರೆಗೂ ನೀರು, ಒಂದು ದೀರ್ಘ ನಡಿಗೆ ಇಷ್ಟು ಸಾಕು.

ನಮ್ಮ ಮನೆಗಳಿಗೆ ವಿಶೇಷವಾದ ತೊಡಕೊಂದಿದೆ. ನಮ್ಮ ನಾಯಿಗಳು ಹಾಲು ಅನ್ನ, ಮೊಸರನ್ನ, ರೊಟ್ಟಿ, ಮುದ್ದೆಗಳನ್ನು ಉಂಡು ಬೆಳೆದವು. ಹೊರದೇಶದ ಆರೈಕೆ ಕೇಂದ್ರಗಳಲ್ಲಿ ಕೊಡುವ ಒಣ ಆಹಾರ ಬಹುತೇಕ ಮಾಂಸದ್ದು. ನಾಯಿ ಸಮತೋಲದ ಸಸ್ಯಾಹಾರದಿಂದ ಬದುಕಬಲ್ಲದು. ಬರಿಯ ಹಾಲು ಅನ್ನ ಸಮತೋಲದ ಆಹಾರವಲ್ಲ ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು. ಸಸ್ಯಮೂಲದ ಸಿದ್ಧ ಆಹಾರ ಸಿಗುತ್ತದೆ. ವೈದ್ಯರನ್ನು ಕೇಳಿ ಅದನ್ನು ಮೂರು ನಾಲ್ಕು ವಾರಗಳಲ್ಲಿ ದಿನದಿನವೂ ತುಸು ತುಸು ಬೆರೆಸುತ್ತಾ ರೂಢಿ ಮಾಡಿಸಿ. ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಟ್ಟು ಪ್ರಯಾಣವೇ ನಿಲ್ಲುತ್ತದೆ. ಇಲ್ಲಿಂದ ಬುತ್ತಿ ಕಟ್ಟಿ ಕೊಡುತ್ತೇವೆ ಎಂದರೆ, ಹಾಲು ಮಾಂಸಗಳ ಅಂಶವಿರುವ ಆಹಾರವನ್ನು ಒಳಗೆ ತರಲು ಬ್ರಿಟನ್ ಮತ್ತು ಐರೋಪ್ಯ ದೇಶಗಳು ಬಿಡುವುದಿಲ್ಲ. ಬೆಕ್ಕಿನ ವಿಷಯ ಬೇರೆ. ಅದರ ದೇಹಕ್ಕೆ ಅಗತ್ಯವಾದ ಕೆಲವು ಅಂಶಗಳು ಮಾಂಸದಿಂದಲೇ ಬರಬೇಕು. ನಮ್ಮ ನಿಯಮವನ್ನು ಅದರ ಮೇಲೆ ಹೇರುವುದು ಅದಕ್ಕೆ ಹಿಂಸೆ. ಪ್ರಸಾದದ ಸಜ್ಜಿಗೆಯನ್ನು ನಾಯಿಗೂ ಒಂದು ತುತ್ತು ಹಾಕುವವರು ದ್ರಾಕ್ಷಿಯನ್ನು ಆರಿಸಿ ತೆಗೆದು ಹಾಕಲಿ. ದ್ರಾಕ್ಷಿ ನಾಯಿಯ ಮೂತ್ರಪಿಂಡಗಳಿಗೆ ವಿಷ.

ಕರೆದೊಯ್ಯಲೇಬೇಕೇ?

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲ ನಾಯಿಗಳನ್ನೂ ಕರೆದೊಯ್ಯಿರೆಂದು ನಾವು ಹೇಳಲಾರೆವು. ಹನ್ನೆರಡು ದಾಟಿದ, ಹೃದಯದ ತೊಂದರೆಯಿರುವ ನಾಯಿಗೆ ಈ ಪ್ರಯಾಣ ದಯೆಯಲ್ಲ. ಒಂದು ವರ್ಷದ ಕೆಲಸಕ್ಕೆ ಹೋಗಿ ಬರುವವರು ಅದನ್ನು ಎರಡು ಸಲ ಪೆಟ್ಟಿಗೆಯಲ್ಲಿ ಕೂಡುವುದೂ ಸರಿಯಲ್ಲ. ಭಾರತಕ್ಕೆ ಮರಳಿ ತರುವಾಗಲೂ ಕ್ವಾರಂಟೈನ್ ಸೇವೆಯ ನಿರಾಕ್ಷೇಪಣಾ ಪತ್ರವನ್ನು ಮುಂಗಡವಾಗಿ ಪಡೆಯಬೇಕೆಂಬುದು ಹಲವರಿಗೆ ತಿಳಿದಿರುವುದಿಲ್ಲ. ಹೋದ ಕಡೆ ದಿನವಿಡೀ ಬೀಗ ಹಾಕಿದ ಸಣ್ಣ ಫ್ಲ್ಯಾಟಿನಲ್ಲಿ ಒಂಟಿಯಾಗಿರಬೇಕಾದರೆ, ಇಲ್ಲಿ ಹಗಲೆಲ್ಲ ಬೀದಿ ನೋಡುತ್ತಾ ಹಿರಿಯರ ಕಾಲಬಳಿ ಮಲಗುವ ಬಾಳೇ ಅದಕ್ಕೆ ಮೇಲು.

ಇಲ್ಲಿ ಉಳಿಸುವುದೂ ಒಂದು ಸಿದ್ಧತೆಯೇ. ‘ಅಪ್ಪಾಜಿ ನೋಡಿಕೊಳ್ಳುತ್ತಾರೆ’ ಎಂದು ಮಕ್ಕಳು ಸುಲಭವಾಗಿ ಹೇಳಿಬಿಡುತ್ತಾರೆ. ಎಪ್ಪತ್ತು ದಾಟಿದ ಅಪ್ಪಾಜಿ ಮೂವತ್ತು ಕಿಲೋ ತೂಕದ ನಾಯಿಯನ್ನು ಹಿಡಿದು ಬೀದಿಗೆ ಹೋಗಬಲ್ಲರೇ, ಅವರು ಆಸ್ಪತ್ರೆಗೆ ಸೇರಿದ ದಿನ ನಾಯಿಗೆ ಅನ್ನವಿಡುವವರು ಯಾರು, ಚುಚ್ಚುಮದ್ದಿನ ತಾರೀಖನ್ನು ನೆನಪಿಡುವವರು ಯಾರು ಎಂದು ಕೇಳಿಕೊಳ್ಳಬೇಕು. ಪಕ್ಕದ ಮನೆಯವರಲ್ಲಿ ಒಬ್ಬರು, ಒಬ್ಬ ಪಶುವೈದ್ಯರು, ತಿಂಗಳ ಖರ್ಚಿಗೆ ಒಂದು ಏರ್ಪಾಡು ಇವಿಷ್ಟನ್ನು ಮಾಡಿಟ್ಟೇ ಹೊರಡಬೇಕು. ಊರಿನ ತೋಟದ ಮನೆಗೆ ಬಿಟ್ಟುಬರುತ್ತೇವೆ ಎನ್ನುವವರಿಗೆ ಒಂದು ಮಾತು. ಪಟ್ಟಣದ ಪಡಸಾಲೆಯಲ್ಲಿ ಬೆಳೆದ ನಾಯಿಗೆ ತುಮಕೂರು, ರಾಮನಗರ ಕಡೆಯ ಚಿರತೆಗಳ ಪರಿಚಯವಿರುವುದಿಲ್ಲ. ರಾತ್ರಿ ಒಳಗೆ ಕಟ್ಟುವ ಮನೆಯೇ ಎಂದು ವಿಚಾರಿಸಿಕೊಂಡು ಬಿಡಿ. ಒಂದೇ ದಿನ ಬಿಟ್ಟು ಓಡಿಬರದೆ ಒಂದು ವಾರ ಜೊತೆಗಿದ್ದು ಬನ್ನಿ.

ಬಾಪೂಜಿ ನಗರದ ಆ ಹಿರಿಯ ದಂಪತಿಗಳಲ್ಲಿ ಯಜಮಾನರು ಆಮೇಲೆ ನಮಗೊಂದು ಲೆಕ್ಕ ತೋರಿಸಿದರು. ಚಿನ್ನಿಯ ಚುಚ್ಚುಮದ್ದು, ಪರೀಕ್ಷೆ, ಪೆಟ್ಟಿಗೆ, ಸರಕು ಶುಲ್ಕಗಳನ್ನೆಲ್ಲ ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದು ಬರೆದಿದ್ದರು. ಒಟ್ಟು ಮೊತ್ತ ಮೂವರು ಮನುಷ್ಯರ ಟಿಕೆಟಿಗಿಂತ ಹೆಚ್ಚಾಗಿತ್ತು. ಕೊನೆಯ ಪುಟದಲ್ಲಿ ಚಿಪ್ಪಿನ ಹದಿನೈದು ಅಂಕಿಗಳಿದ್ದವು. ಹೀಥ್ರೋದ ಪ್ರಾಣಿ ಸ್ವಾಗತ ಕೇಂದ್ರದಿಂದ ನಾಯಿಯನ್ನು ಬಿಡಿಸಿಕೊಂಡ ದಿನವೇ ಆ ಸಂಖ್ಯೆಯನ್ನು ಅಲ್ಲಿಯ ನೋಂದಣಿ ಪಟ್ಟಿಗೆ ಹೊಸ ವಿಳಾಸದೊಡನೆ ಸೇರಿಸಬೇಕೆಂದು ಮಗನಿಗೆ ಎರಡು ಸಲ ಹೇಳಿದ್ದರಂತೆ. ಹಾಗೆ ಸೇರಿಸದಿದ್ದರೆ ಅಪರಿಚಿತ ಊರಿನಲ್ಲಿ ತಪ್ಪಿಸಿಕೊಂಡ ನಾಯಿಯ ಚಿಪ್ಪನ್ನು ಯಾರಾದರೂ ಓದಿದಾಗ ಬೆಂಗಳೂರಿನ ವಿಳಾಸವೇ ಸಿಗುತ್ತದೆ, ಇಲ್ಲವೇ ಏನೂ ಸಿಗುವುದಿಲ್ಲ. ಮೊದಲ ಎರಡು ಮೂರು ವಾರ ನಾಯಿಯನ್ನು ಹಗ್ಗವಿಲ್ಲದೆ ಹೊರಗೆ ಬಿಡಬಾರದು. ಮನೆಯ ದಾರಿ ಅದಕ್ಕೆ ಇನ್ನೂ ಬಾಪೂಜಿ ನಗರದ ದಾರಿಯೇ ಆಗಿರುತ್ತದೆ.